ಚೂಪು ಮಾಡದ ಪೈಪು

ವಕ್ಕಲೇರಿ ರಸ್ತೆಯ ಪಕ್ಕದ ವೆಲ್ಡಿಂಗ್ ಅಂಗಡಿ ಮುನಿಲಕ್ಷ್ಮಿಯದು. ಗಂಡ ಮುನಿಯಲ್ಲಪ್ಪನ ಕಣ್ಣು ಮಂಜಾದ ಮೇಲೆ ಅವಳೇ ಮುಖವಾಡ ಹಾಕಿಕೊಂಡು ಕೆಲಸಕ್ಕೆ ಕೂತಳು. ಹೆಂಗಸಿನ ಕೆಲಸ ಎಷ್ಟು ದಿನ ನಿಂತೀತು ಎಂದು ನಕ್ಕವರ ಕೊಟ್ಟಿಗೆಗೂ ಈಗ ಅವಳದೇ ಗೇಟು.

ಊರ ಸರ್ಕಲ್ಲಿನಲ್ಲಿ ಕೆಂಪು ಬಾವುಟದವರು ಕಂಬ ನೆಟ್ಟರು. ಅದನ್ನು ಮಾಡಿಕೊಟ್ಟವಳು ಅವಳೇ. ಕೇಸರಿ ಬಾವುಟದವರು ಬಂದು ಅದಕ್ಕಿಂತ ಎತ್ತರದ್ದು ಕೇಳಿದರು, ಮಾಡಿಕೊಟ್ಟಳು. ಕೆಂಪಿನವರು ಮತ್ತೆ ಬಂದು ತಮ್ಮ ಕಂಬಕ್ಕೆ ತುಂಡು ಸೇರಿಸಿಕೊಂಡು ಹೋದರು. ದುಡಿಯುವವರ ರಾಜ್ಯವೋ ಧರ್ಮದ ರಾಜ್ಯವೋ ಎಂದು ಟೀ ಅಂಗಡಿಯಲ್ಲಿ ಹುಟ್ಟಿದ ಜಗಳ ಡೈರಿಗೂ ಹೊಕ್ಕಿತು. ಹಾಲು ಹಾಕಲು ಎರಡು ಸಾಲಾಯಿತು.

ಒಂದು ಬೆಳಗ್ಗೆ ಮೈದುನ ಭೀಮರಾಜ್ ಬಂದ. ಕೆಂಪಿನವರ ಮುಂದಾಳು ಅವನು.

"ಅತ್ಗೆ, ಒಂದಷ್ಟು ಪೈಪು ಬೇಕು. ತುದಿ ಚೂಪಾಗಿರ್ಲಿ. ಮೆರವಣಿಗೇಲಿ ಬಾವುಟ ಕಟ್ಟೋಕೆ."

"ಬಾವುಟಕ್ಕೆ ಚೂಪು ಯಾಕಪ್ಪ?"

"ಅವ್ರು ರೆಡಿಯಾಗವ್ರೆ. ನಮ್ಮ ರಕ್ಷಣೆಗೆ."

ನೋಡೋಣ ಎಂದು ಕಳಿಸಿದಳು. ಮಧ್ಯಾಹ್ನ ಕೇಸರಿಯ ಮುರಳಿಮೋಹನ್ ಬಂದು ಅಂಥದ್ದನ್ನೇ ಕೇಳಿದ. "ಅವ್ರು ರೆಡಿಯಾಗವ್ರೆ ಅಕ್ಕ. ನಮ್ಮ ರಕ್ಷಣೆಗೆ."

ಅವಳು ಮೆಷಿನ್ ಆರಿಸಿದಳು. "ಭೀಮರಾಜನೂ ಇದೇ ಮಾತಂದ. ಅವನಿಗೆ ಹೆದರಿ ನೀನು, ನಿನಗೆ ಹೆದರಿ ಅವನು. ದೇಶದೇಶಗಳ ಯುದ್ಧನೂ ಹಿಂಗೇ ಹತ್ಕೊಳ್ಳೋದು. ಕಂಬ ಮಾಡ್ಕೊಟ್ಟಿದ್ದೇ ತಪ್ಪಾಯ್ತು. ಇದನ್ನ ಇಬ್ರಿಗೂ ಮಾಡಲ್ಲ."

"ಊರಲ್ಲಿ ಅಂಗಡಿ ನಡೀಬೇಕಲ್ಲಕ್ಕ."

"ನಡೀದಿದ್ರೆ ರಾಗಿ ಕುಯ್ಯೋಕೆ ಹೋಗ್ತೀನಿ. ನೀನು ಹೊರಡು."

ಇಬ್ಬರೂ ಬೇರೆ ಕಡೆ ಮಾಡಿಸಿಕೊಂಡರು. ಮೆರವಣಿಗೆಯ ದಿನ ಸರ್ಕಲ್ಲಿನಲ್ಲಿ ಎದುರಾದಾಗ ಬಾವುಟ ಬಿದ್ದು ಪೈಪು ಎದ್ದವು. ಭೀಮರಾಜನ ಹೆಗಲಿಗೆ ಇರಿತವಾಯಿತು. ಕೇಸರಿಯ ಕದಿರೇಶನ ಬೆರಳು ಹೋದವು. ಪೊಲೀಸರು ಎರಡೂ ಕಂಬ ಕಿತ್ತು ಜೀಪಿನ ಹಿಂದೆ ಎಳೆದುಕೊಂಡು ಹೋದರು.

"ನೀನು ಮಾಡ್ಕೊಟ್ಟಿದ್ರೆ ನಂಗೆ ಹಿಂಗಾಗ್ತಿರ್ಲಿಲ್ಲ," ಎಂದ ಭೀಮರಾಜ್, ಆಸ್ಪತ್ರೆಯಿಂದ ಬಂದ ಮೇಲೆ.

ಅವನ ಗಾಯದ ಬಟ್ಟೆ ಬದಲಿಸುತ್ತಲೇ ಅವಳು ಹೇಳಿದಳು: "ನಿಂಗೆ ಮಾಡಿದ್ರೆ ಅವರಿಗೂ ಮಾಡ್ಬೇಕಿತ್ತು. ನನ್ನ ಕೆಲಸ ಗಟ್ಟಿ ಕಣೋ. ನೀನು ಹಿಂಗೆ ಮಾತಾಡೋಕೆ ಉಳೀತಿರ್ಲಿಲ್ಲ."

ಶಾಂತಿ ಸಭೆ ಮುಗಿದದ್ದೇ ತಡ, ಎರಡೂ ಕಡೆಯವರು ಹೊಸ ಕಂಬಕ್ಕೆಂದು ಬಂದರು. ಇಲ್ಲ ಎಂದಳು. ಇನ್ನು ಈ ಅಂಗಡಿಗೆ ಕಾಲಿಡಲ್ಲ ಎಂದು ಎರಡೂ ಗುಂಪು ಆಣೆ ಹಾಕಿ, ಕಂಬ ಮಾಡಿಸಲು ಕೋಲಾರಕ್ಕೆ ಹೋದವು. ಆ ಒಂದು ಮಾತಿನಲ್ಲಿ ಮಾತ್ರ ಅವರಲ್ಲಿ ಒಮ್ಮತವಿತ್ತು.

"ಊರನ್ನೆಲ್ಲ ಎದುರು ಹಾಕ್ಕೊಂಡ್ಯಲ್ಲೇ," ಎಂದು ಮುನಿಯಲ್ಲಪ್ಪ ನಿಟ್ಟುಸಿರಿಟ್ಟ.

"ಊರನ್ನಲ್ಲ, ಬಾವುಟದವರನ್ನ." ಮುನಿಲಕ್ಷ್ಮಿ ಅರ್ಧವಾಗಿದ್ದ ಕಿಟಕಿಯ ಚೌಕಟ್ಟನ್ನು ಎಳೆದುಕೊಂಡಳು. "ಆ ಕಡೆ ಸ್ವಲ್ಪ ಹಿಡ್ಕೊ."