ಮತ್ತೆ ಮತ್ತೆ ಸುಟ್ಟ ವಾಲ್ವು

ಮದುವೆಯಾಗಿ ಬಂದ ಹೊಸದರಲ್ಲಿ ಅವಳು ಕಂಡಿದ್ದಕ್ಕೆಲ್ಲ ‘ಯಾಕೆ?’ ಎನ್ನುತ್ತಿದ್ದಳು. ಮಾವ ಅವಳಿಗೆ ‘ಯಾಕಮ್ಮ’ ಎಂದೇ ಹೆಸರಿಟ್ಟರು. ಮನೆಯ ಮುಂಭಾಗದಲ್ಲೇ ಅವರ ವರ್ಕ್‌ಶಾಪು. ಎಂಜಿನ್ನಿನ ಮೇಲೆ ಮುಚ್ಚಳದಂತೆ ಕೂರುವ ಹೆಡ್ಡುಗಳ ರಿಪೇರಿ. ಮಾವನ ಕೈ ನಡುಗತೊಡಗಿದ ಮೇಲೆ ಹೆಡ್ಡಿನಲ್ಲಿ ಗಾಳಿ, ಹೊಗೆಯ ದಾರಿ ತೆರೆದು ಮುಚ್ಚುವ ವಾಲ್ವಿನ ಕೆಲಸ ಅವಳ ಪಾಲಿಗೆ ಬಂತು. ಸವೆದ ವಾಲ್ವಿಗೆ ಸಾಣೆ ಹಿಡಿಯಬೇಕು, ಅದು ಕೂರುವ ಸೀಟನ್ನು ಕೆತ್ತಿ ಸಮ ಮಾಡಬೇಕು, ನಡುವೆ ಪೇಸ್ಟು ಸವರಿ ಎರಡನ್ನೂ ಉಜ್ಜಬೇಕು. ಸುತ್ತಲೂ ಎಲ್ಲೂ ತುಂಡಾಗದೆ ಬೂದುಬಣ್ಣದ ಪಟ್ಟಿ ಮೂಡಿತೆಂದರೆ ವಾಲ್ವು ಸೋರದಂತೆ ಕೂತಿತೆಂದು ಅರ್ಥ; ಅವಳಿಗೆ ಹಿಡಿಸಲಾರದಷ್ಟು ಖುಷಿ.

ಒಂದು ಬೆಳಿಗ್ಗೆ ಹಾಲಿನ ವ್ಯಾನಿನ ಡ್ರೈವರ್ ಮತ್ತೆ ಬಂದು ಹೆಡ್ಡನ್ನು ಬೆಂಚಿನ ಮೇಲೆ ದಢಾರನೆ ಇಟ್ಟ.

“ಅಕ್ಕಾ, ಅದೇ ವಾಲ್ವು ಮತ್ತೆ ಸುಟ್ಟೋಗಿದೆ. ನನ್ನ ಗಾಡಿ ಮೇಲೆ ನಿಮಗೇನಾದ್ರೂ ಹಗೆನಾ?”

ಅವಳು ವಾಲ್ವನ್ನು ಬೆಳಕಿಗೆ ಹಿಡಿದಳು. ಅಂಚು ಒಂದು ಕಡೆ ಇಲಿ ಕಡಿದಂತೆ ಹೋಗಿತ್ತು. ಪಕ್ಕದವೆಲ್ಲ ಚೆನ್ನಾಗಿವೆ! ಹೋದ ಸಲ ಸೀಮೆಎಣ್ಣೆ ಸುರಿದು ನೋಡಿದಾಗ ಇಲ್ಲಿ ಒಂದು ಹನಿಯೂ ಸೋರಿರಲಿಲ್ಲ. ಅವಳಿಗೆ ನಾಚಿಕೆಗಿಂತ ಕುತೂಹಲವೇ ಹೆಚ್ಚಾಯಿತು.

“ಹೊಸದು ಹಾಕಿ ಕಳಿಸು, ತಲೆ ಕೆಡಿಸ್ಕೋಬೇಡ,” ಎಂದ ಲೇತ್ ಯಂತ್ರದ ಮುಂದಿದ್ದ ಗಂಡ.

“ಹೊಸದೂ ಸುಡುತ್ತೆ ಕಣ್ರೀ. ಆ ಜಾಗಕ್ಕೇ ಏನೋ ಆಗಿದೆ.”

ವಾಲ್ವಿನ ಕಾಲು ಜಾರುವ ಗೈಡು ನೋಡಿದಳು, ಸ್ಪ್ರಿಂಗು ನೋಡಿದಳು. ಎಲ್ಲ ಸರಿಯಾಗಿಯೇ ಇದ್ದವು. ಸ್ಟೂಲಿನ ಮೇಲಿದ್ದ ಮಾವ ಕೇಳಿದರು: “ವಾಲ್ವಿನ ಬಿಸಿ ಎಲ್ಲಿಗೆ ಹೋಗುತ್ತಮ್ಮಾ?”

“ಸೀಟಿಗೆ.”

“ಸೀಟಿಂದ?”

ಅವಳು ಹೆಡ್ಡನ್ನು ತಿರುಗಿಸಿ ನೋಡಿದಳು. “ಅದರ ಹಿಂದೆ ಹರಿದು ತಣ್ಣಗಿಡೋ ನೀರಿಗೆ!”

ಸೈಕಲ್ಲಿನ ಹಳೆಯ ಕಡ್ಡಿಯೊಂದನ್ನು ಹುಡುಕಿ ನೀರಿನ ತೂತುಗಳಿಗೆ ತೂರಿಸಿದಳು. ಬೇರೆ ಕಡೆ ಸರಾಗವಾಗಿ ಇಳಿದ ಕಡ್ಡಿ ಆ ವಾಲ್ವಿನ ಪಕ್ಕದಲ್ಲಿ ಟಕ್ ಎಂದು ನಿಂತಿತು. ಗಂಡನೂ ಲೇತು ನಿಲ್ಲಿಸಿ ಬಂದ. ಕೆದಕಿ, ಕುಟ್ಟಿ, ಹೆಡ್ಡನ್ನು ಬೋರಲು ಹಾಕಿದಾಗ ಇಟ್ಟಿಗೆ ಚೂರಿನಂಥ ಗಟ್ಟಿಯೊಂದು ಉದುರಿತು.

“ಇದು ನನ್ನ ಎಂಜಿನ್ ಹೊಟ್ಟೇಲಿತ್ತಾ?” ಡ್ರೈವರ್ ಕಣ್ಣರಳಿಸಿದ.

“ರೇಡಿಯೇಟರಿಗೆ ಯಾವ ನೀರು ಹಾಕ್ತೀಯಪ್ಪಾ?”

“ಎಲ್ಲಿ ಸಿಕ್ಕರೆ ಅಲ್ಲೀದು, ಅಕ್ಕಾ.”

“ಆ ನೀರಿನ ಉಪ್ಪೇ ಇಲ್ಲಿ ಕಟ್ಕೊಂಡು ದಾರಿ ಮುಚ್ಚಿದೆ, ಬಿಸಿ ಹೋಗೋದೆಲ್ಲಿಗೆ?”

ಅವಳು ನೀರಿನ ದಾರಿಯನ್ನು ಪೂರ್ತಿ ತೊಳೆದು, ಹೊಸ ಸೀಟು ಕೂರಿಸಿ, ಹೊಸ ವಾಲ್ವು ಉಜ್ಜಿ ಕಳಿಸಿದಳು. ಆಮೇಲೆ ಆ ವ್ಯಾನು ವಾಲ್ವಿಗಾಗಿ ಬರಲಿಲ್ಲ.

ಗಟ್ಟಿಯನ್ನು ಮಾತ್ರ ಅವಳು ಎಸೆಯಲಿಲ್ಲ. ಅದೇ ಸಂಜೆ ಕೈ ತೊಳೆಯುವ ಮುನ್ನ ಸುತ್ತಿಗೆಯಿಂದ ಒಡೆದಳು. ಒಳಗೆ ತುಕ್ಕು, ಬಿಳಿ, ಮತ್ತೆ ತುಕ್ಕು, ಪದರದ ಮೇಲೆ ಪದರ. ನಡುವೆ ಹಸಿರು ಗೆರೆಯೊಂದು.

“ಮಾವಾ, ಈ ಹಸಿರು ಎಲ್ಲಿಂದ ಬಂತು?”

“ಇರು ಯಾಕಮ್ಮ, ಕನ್ನಡಕ ತರ್ತೀನಿ,” ಎಂದು ಮಾವ ಎದ್ದರು.