ಕಮಲಾಪುರದ ಏರು

ಮೋಮಿನಪುರದ ಓಣಿಗಳಲ್ಲಿ ಬೆಳಗಿನ ಹೊತ್ತು ಬೇಕರಿಯ ಭಟ್ಟಿಯಿಂದ ಟೋಸ್ಟ್ ಹೊರಗೆ ತೆಗೆಯುವಾಗ ಒಂದು ವಾಸನೆ ಏಳುತ್ತದೆ. ಮೊದಲು ಸುಟ್ಟ ಸಕ್ಕರೆ, ಆಮೇಲೆ ಸೋಂಪು, ಅದರ ಹಿಂದೆ ಕಟ್ಟಿಗೆಯ ಹೊಗೆ. ಅದಕ್ಕೆ ಬಾಗಿಲಲ್ಲಿ ನಿಂತ ಯಾವುದೋ ಮೋಟರ್‌ಸೈಕಲ್ಲಿನ ಪೆಟ್ರೋಲಿನ ಘಾಟು ಸೇರಿದರೆ ಸಾಕು, ನನ್ನ ಕಾಲು ಅಲ್ಲಿಯೇ ನಿಂತುಬಿಡುತ್ತದೆ. ಹೋದ ತಿಂಗಳು ಕಲಬುರಗಿಗೆ ಹೋದಾಗಲೂ ಹಾಗೇ ಆಯಿತು. ಆಟೋಗಳು ಹಾರ್ನ್ ಹೊಡೆಯುತ್ತಿದ್ದವು, ಯಾರೋ ಸರಿಯಿರಿ ಎಂದರು, ನಾನು ಮಾತ್ರ ಒಂಬತ್ತು ವರ್ಷದ ಹುಡುಗಿಯಾಗಿ ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂತು ಕಸ್ತೂರಿ ಅತ್ತೆಯ ಬೆವರಿದ ಬೆನ್ನಿಗೆ ಕೆನ್ನೆ ಹಚ್ಚಿಕೊಂಡಿದ್ದೆ.

ನಮ್ಮ ಮನೆ ಖೂಬಾ ಪ್ಲಾಟಿನಲ್ಲಿತ್ತು. ನೆಲಕ್ಕೆಲ್ಲ ಶಹಾಬಾದ ಕಲ್ಲು. ಬೇಸಿಗೆಯಲ್ಲಿ ನೀರು ಚೆಲ್ಲಿ ಒರೆಸಿದರೆ ಅರ್ಧ ತಾಸು ತಂಪು, ಆಮೇಲೆ ಮತ್ತೆ ಕಾದ ಹಂಚು. ದೊಡ್ಡಪ್ಪ, ದೊಡ್ಡವ್ವ, ನನ್ನ ಅಪ್ಪ ಅವ್ವ, ಅಪ್ಪನ ತಾಯಿ ಆಯಿ, ನಾನು, ಮತ್ತೆ ಅಪ್ಪನ ತಂಗಿ ಕಸ್ತೂರಿ ಅತ್ತೆ. ಸೂಪರ್ ಮಾರ್ಕೆಟ್‌ನಲ್ಲಿ ದೊಡ್ಡಪ್ಪನ ಬಟ್ಟೆ ಅಂಗಡಿ ಇತ್ತು, ಮನೆಯಲ್ಲಿ ಅವರ ಮಾತು ಇತ್ತು. ಅತ್ತೆಯನ್ನು ಕಮಲಾಪುರಕ್ಕೆ ಕೊಟ್ಟಿದ್ದರು. ಗಂಡ ಮತ್ತೊಬ್ಬಳನ್ನು ಮನೆಗೆ ತಂದ ಮೇಲೆ ಹಿರಿಯರು ಕೂತು ಮಾತು ಮುಗಿಸಿದರು: ಕಸ್ತೂರಿ ತವರಿಗೆ, ಮೂರು ವರ್ಷದ ಮಗಳು ಶೈಲಾ ಅಪ್ಪನ ಮನೆಗೆ, ಮುಂದೆ ಇವರು ಅವರ ಹೊಸ್ತಿಲು ತುಳಿಯಬಾರದು, ಅವರು ಇವರದು. ಅತ್ತೆಗೆ ಆಗ ಇಪ್ಪತ್ನಾಲ್ಕೋ ಇಪ್ಪತ್ತೈದೋ. ಅವಳನ್ನು ನಮ್ಮ ಮನೆಯಲ್ಲಿ ಯಾರೂ ಬೈಯಲಿಲ್ಲ, ಹೊಡೆಯಲಿಲ್ಲ, ಹೊರಗೆ ಹೋಗಬೇಡ ಎಂದೂ ಹೇಳಲಿಲ್ಲ. ಆದರೆ ಅವಳು ಅಂಗಳ ದಾಟಿ ಕಬ್ಬಿಣದ ಗೇಟಿನ ಚಿಲಕಕ್ಕೆ ಕೈ ಹಾಕಿದರೆ ಸಾಕು, ಒಳಗಿನಿಂದ ಒಂದಲ್ಲ ಒಂದು ದನಿ ‘ಎಲ್ಲಿಗಿ ಹೊಂಟಿ?’ ಎಂದು ಕೇಳುತ್ತಿತ್ತು. ಒಮ್ಮೆ ಆಯಿ, ಒಮ್ಮೆ ದೊಡ್ಡವ್ವ, ಒಮ್ಮೊಮ್ಮೆ ನನ್ನ ಅವ್ವ. ಉತ್ತರ ಹೇಳಿ ಹೇಳಿ ಬೇಸತ್ತು ಅತ್ತೆ ಗೇಟಿನ ಕಡೆ ಹೋಗುವುದನ್ನೇ ಬಿಟ್ಟಳು. ಇಂಥ ಮನೆ ನಿಮಗೂ ಗೊತ್ತಿರಬಹುದು. ಪ್ರೀತಿ ಇರುತ್ತದೆ, ಊಟ ಇರುತ್ತದೆ, ಗಾಳಿ ಮಾತ್ರ ಇರುವುದಿಲ್ಲ.

ಆ ವರ್ಷ ಚಳಿಗಾಲದ ಕೊನೆಗೆ ದೊಡ್ಡವ್ವನ ತವರಿನಲ್ಲಿ, ಸೊಲ್ಲಾಪುರದಲ್ಲಿ, ಮದುವೆ ಬಂತು. ನಸುಕಿನಲ್ಲೇ ಎಲ್ಲರೂ ಜೀಪು ಹತ್ತಿದರು. ಗಂಡ ಬಿಟ್ಟವಳನ್ನು ಅಕ್ಷತೆಯ ಹೊತ್ತಿಗೆ ಕರೆದೊಯ್ಯುವ ರೂಢಿ ಇರಲಿಲ್ಲ. ಅವಳೊಬ್ಬಳೇ ಇರಬಾರದೆಂದು ನನ್ನನ್ನು ಬಿಟ್ಟರು. ಜೀಪಿನ ಸದ್ದು ಅಡಗಿದ ಮೇಲೆ ಅತ್ತೆ ಸ್ವಲ್ಪ ಹೊತ್ತು ಅಂಗಳದಲ್ಲಿ ನಿಂತಿದ್ದಳು. ಆಮೇಲೆ ಹಿತ್ತಲಿಗೆ ಹೋಗಿ, ತಾನು ಕಾಲೇಜಿಗೆ ತುಳಿಯುತ್ತಿದ್ದ ಹಳೇ ಲೇಡೀಸ್ ಸೈಕಲ್ ಹೊರತಂದಳು. ಗಾಳಿ ಹಾಕಿದಳು, ಚೈನಿಗೆ ಎಣ್ಣೆ ಬಿಟ್ಟಳು, ಹಿಂದಿನ ದಿನವೇ ಮಾಡಿಟ್ಟಿದ್ದ ಶೇಂಗಾ ಹೋಳಿಗೆಯ ಡಬ್ಬಿಯನ್ನು ಚೀಲಕ್ಕೆ ಹಾಕಿದಳು. ಬಸ್ ಸ್ಟ್ಯಾಂಡಿನಲ್ಲಿ ದೊಡ್ಡಪ್ಪನ ಗುರುತಿನವರು ಇಲ್ಲದ ಹೊತ್ತೇ ಇರಲಿಲ್ಲ, ಅದಕ್ಕೇ ಸೈಕಲ್. ನನ್ನ ಎರಡೂ ಕೈ ಹಿಡಿದು ಅವಳು ಒಂದೇ ಮಾತು ಹೇಳಿದಳು:

“ಸುಮೀ, ಶೈಲಾನ್ನ ನೋಡಲಾಕ ಹೊಂಟೀವಿ. ಇದು ಅವರ ಮನಿಯವರಿಗಿ ಗೊತ್ತಾದ್ರ ಕೂಸಿನ್ನ ಸಾಲಿ ಬಿಡಿಸಿ ಎಲ್ಲೆರ ದೂರ ಇಡ್ತಾರ. ಯಾರು ಕೇಳಿದ್ರೂ ಶೈಲಾನ ಹೆಸರು ತಗೀಬ್ಯಾಡ.”

ನಾನು ದೇವರ ಆಣೆ ಹಾಕಿದೆ.

ಊರು ದಾಟಿ ಹುಮನಾಬಾದ ರಸ್ತೆ ಹಿಡಿದಾಗ ಬಿಸಿಲು ಇನ್ನೂ ಎಳೆಯದಾಗಿತ್ತು. ಎರಡೂ ಕಡೆ ಕಪ್ಪು ಹೊಲ, ಕಟಾವಿಗೆ ಬಂದ ಕಡಲೆ, ಜೋಳದ ತೆನೆಯ ಮೇಲೆ ಹಕ್ಕಿಗಳ ಗಲಾಟೆ. ಆಗ ಆ ರಸ್ತೆ ಈಗಿನಷ್ಟು ಅಗಲ ಇರಲಿಲ್ಲ, ಅವಸರವೂ ಇರಲಿಲ್ಲ. ಹಾಲಿನ ಕ್ಯಾನು ಕಟ್ಟಿಕೊಂಡ ಸೈಕಲ್ಲಿನವನೊಬ್ಬ ಮೋಟರ್‌ಸೈಕಲ್ಲಿನವನ ಹೆಗಲ ಮೇಲೆ ಕೈಯಿಟ್ಟು, ತುಳಿಯದೇ ತೇಲಿದಂತೆ ಬರುತ್ತಿದ್ದ. ಇಬ್ಬರೂ ಮಳೆಯ ಬಗ್ಗೆಯೋ ಎತ್ತಿನ ಬಗ್ಗೆಯೋ ಮಾತಾಡುತ್ತಿದ್ದರು. ಅಡ್ಡದಾರಿ ಬಂದಾಗ ಕೈ ಬಿಟ್ಟು, ತಲೆಯಾಡಿಸಿ ತನ್ನೂರಿನ ಕಡೆ ತಿರುಗಿದ. ಒಬ್ಬರಿಗೊಬ್ಬರು ಹೆಸರು ಗೊತ್ತಿತ್ತೋ ಇಲ್ಲವೋ. ಅತ್ತೆ ಅದನ್ನು ಕುತ್ತಿಗೆ ತಿರುಗಿಸಿ ನೋಡಿದಳು.

ಸ್ವಲ್ಪ ಹೊತ್ತಿಗೆ ನಮ್ಮ ಪಕ್ಕದಲ್ಲೂ ಒಂದು ಮೋಟರ್‌ಸೈಕಲ್ ನಿಧಾನವಾಯಿತು. ಹಿಂದೆ ಕಬ್ಬಿಣದ ಚೌಕಟ್ಟಿನಲ್ಲಿ ದೊಡ್ಡ ತಗಡಿನ ಪೆಟ್ಟಿಗೆ, ಅದರಿಂದ ಬಿಸಿ ಟೋಸ್ಟಿನ ವಾಸನೆ. ನಡುವಯಸ್ಸಿನವನು, ಕುರುಚಲು ಗಡ್ಡ, ತಲೆಗೆ ಟವೆಲ್ ಸುತ್ತಿಕೊಂಡಿದ್ದ. ನಮ್ಮ ಮುಖ ನೋಡದೆ, ಗಾಲಿಯ ಕಡೆ ಕಣ್ಣಿಟ್ಟು, “ಅಕ್ಕಾ, ಸೆರಗ ಗಾಲಿಗಿ ಸಿಗ್ತದ ನೋಡ್ರಿ,” ಎಂದ. ಅತ್ತೆ ಗಾಬರಿಯಾಗಿ ಸೆರಗು ಎಳೆದು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅವನು ಮುಂದೆ ಹೋದಾಗ ಅವಳ ಕಣ್ಣಿಗೆ ಬಿದ್ದದ್ದು ಅವನ ಗಾಡಿಯ ಸ್ಟ್ಯಾಂಡು; ಅದು ಕೆಳಗೇ ಇತ್ತು. “ಅಣ್ಣಾ, ನಿಮ್ಮ ಸ್ಟ್ಯಾಂಡ್ ಇಳದದ್ರಿ,” ಎಂದು ಕೂಗಿದಳು. ಅವನು ಬಗ್ಗಿ ನೋಡಿ, ಕಾಲಿನಿಂದ ಮೇಲೆತ್ತಿ, ನಾಚಿಕೊಂಡು ನಕ್ಕ. ಅತ್ತೆಯೂ ನಕ್ಕಳು. ಅವಳ ಬೆನ್ನು ನಗೆಗೆ ಅಲುಗಿದ್ದು ನನ್ನ ಕೆನ್ನೆಗೆ ತಿಳಿಯಿತು. ತವರಿಗೆ ಬಂದ ಎರಡು ವರ್ಷದಲ್ಲಿ ನಮ್ಮ ಮನೆಯಲ್ಲಿ ಅವಳು ಹಾಗೆ ನಕ್ಕದ್ದು ನನಗೆ ನೆನಪಿಲ್ಲ.

ಮಹಾಗಾಂವ ಕ್ರಾಸ್ ದಾಟಿದ ಮೇಲೆ ಕಪ್ಪು ಮಣ್ಣು ಮುಗಿದು ಕೆಂಪು ಶುರುವಾಗುತ್ತದೆ, ರಸ್ತೆ ಏರಾಗುತ್ತದೆ. ಅತ್ತೆ ಇಳಿದು ಸೈಕಲ್ ನೂಕತೊಡಗಿದಳು. ನಾನೂ ಇಳಿದು ಹಿಂದಿನಿಂದ ನೂಕಿದೆ. ಅವಳ ತುಟಿ ಒಣಗಿತ್ತು. ಶಾಲೆಯಲ್ಲಿ ಹನ್ನೊಂದಕ್ಕೆ ಮಕ್ಕಳನ್ನು ಆಟಕ್ಕೆ ಬಿಡುತ್ತಾರೆ, ಅದು ತಪ್ಪಿದರೆ ಶೈಲಾಳನ್ನು ಕರೆಯಲು ಅವಳಿಗೆ ಬೇರೆ ದಾರಿ ಇರಲಿಲ್ಲ. ಏರಿನ ನಡುವೆ ಒಂದು ಚಹಾದ ಅಂಗಡಿ. ಅಲ್ಲಿ ಆ ಟೋಸ್ಟಿನವನು ಪೆಟ್ಟಿಗೆಯ ಮುಚ್ಚಳ ಹಾಕುತ್ತಿದ್ದ. ನಮ್ಮನ್ನು ನೋಡಿ ಎದುರು ಬಂದ. ಎಲ್ಲಿಗೆ ಹೊರಟಿರಿ ಎಂದು ಅವನು ಕೇಳಲಿಲ್ಲ. “ಎಷ್ಟ ಹೊತ್ತಿಗಿ ಮುಟ್ಟಬೇಕ್ರಿ ಅಕ್ಕಾ?” ಎಂದು ಕೇಳಿದ. ಆ ಪ್ರಶ್ನೆಗೇ ಇರಬೇಕು, ಯಾರಿಗೂ ಬಾಯಿ ಬಿಡದ ಅತ್ತೆ ಆ ರಸ್ತೆಯ ಅಂಚಿನಲ್ಲಿ ನಿಂತು ಎಲ್ಲ ಹೇಳಿಬಿಟ್ಟಳು. ಯಾರಿಗೂ ತಿಳಿಯಬಾರದು ಎಂಬುದನ್ನೂ ಹೇಳಿದಳು. ಅವನ ಹೆಸರು ಖಾಜಾಮಿಯಾ, ಮೋಮಿನಪುರದವನು, ಮನೆಯಲ್ಲಿ ಮೂವರು ಹೆಣ್ಣುಮಕ್ಕಳು. ಅವನು ಟವೆಲಿನಿಂದ ತಗಡಿನ ಪೆಟ್ಟಿಗೆಯ ಚೌಕಟ್ಟನ್ನು ಒರೆಸಿ, ಇದನ್ನು ಹಿಡಿದುಕೊಳ್ಳಿ, ಸಾವಕಾಶ ಹೋಗುತ್ತೇನೆ, ಸಾಕೆನಿಸಿದರೆ ಹೇಳಿ ಎಂದ.

ಹಾಗೆ ನಾವು ಆ ಏರನ್ನು ಹತ್ತಿದೆವು. ಅತ್ತೆಯ ಎಡಗೈ ಹ್ಯಾಂಡಲ್ ಮೇಲೆ, ಬಲಗೈ ಆ ಕಬ್ಬಿಣದ ಮೇಲೆ, ಹಿಂದೆ ನಾನು. ಎದುರು ಲಾರಿ ಬಂದರೆ ಖಾಜಾಮಿಯಾ ಮೊದಲೇ ಕೈ ತೋರಿಸಿ ಹೇಳುತ್ತಿದ್ದ. ಗಾಳಿಯಲ್ಲಿ ಕೆಂಪು ಧೂಳು, ಬಾಳೆತೋಟಗಳ ಹಸಿ ವಾಸನೆ. ನನ್ನ ಕೈಗೆ ಅವನು ಕೊಟ್ಟ ಎರಡು ಟೋಸ್ಟು ಬಂದಿದ್ದವು, ಅವನ್ನು ಕಡಿಯುವ ಸದ್ದು ನನ್ನ ಕಿವಿಯೊಳಗೇ ಕೇಳುತ್ತಿತ್ತು.

ಶಾಲೆಯ ಗೇಟಿಗೆ ಮುಟ್ಟಿದಾಗ ಮಕ್ಕಳು ಆಗಲೇ ಹೊರಗಿದ್ದರು. ಖಾಜಾಮಿಯಾ ಗೇಟು ಕಾಯುವ ಸಿಪಾಯಿಯ ಹತ್ತಿರ ಹೋಗಿ, ಪೆಟ್ಟಿಗೆ ತೆಗೆದು, ಅವನನ್ನು ಮಾತಿಗೆಳೆದ. ಶೈಲಾಳನ್ನು ಅತ್ತೆ ನೂರು ಮಕ್ಕಳಲ್ಲಿ ಒಮ್ಮೆಗೇ ಗುರುತಿಸಿದಳು. ಶೈಲಾ ಗುರುತಿಸಲಿಲ್ಲ. ಹೊಸ ಟೀಚರ್ ಇರಬೇಕೆಂದುಕೊಂಡು ಕೈಕಟ್ಟಿ ನಿಂತಳು. ಅತ್ತೆ ತಾನು ಯಾರೆಂದು ಹೇಳಲಿಲ್ಲ. ಹೇಳಿದರೆ ಕೂಸು ಮನೆಯಲ್ಲಿ ಹೇಳುತ್ತದಲ್ಲ. ಡಬ್ಬಿ ತೆಗೆದು ಹೋಳಿಗೆ ಮುರಿದು ಕೊಟ್ಟಳು. ಶೈಲಾ ತಿಂದಳು, ಇನ್ನೊಂದು ಕೇಳಿದಳು, ಎಣ್ಣೆಯ ಕೈಯನ್ನು ಯಾವ ಸಂಕೋಚವೂ ಇಲ್ಲದೆ ಅತ್ತೆಯ ಸೀರೆಗೆ ಒರೆಸಿದಳು. ಅತ್ತೆ ಅವಳ ಬಿಚ್ಚಿದ ಜಡೆಯನ್ನು ಬಿಗಿಯಾಗಿ ಹೆಣೆದು ರಿಬ್ಬನ್ ಕಟ್ಟಿದಳು. ಗಂಟೆ ಹೊಡೆಯಿತು. ಶೈಲಾ ತಿರುಗಿ ನೋಡದೆ ಓಡಿದಳು. ನಮ್ಮ ಭೇಟಿ ಅಷ್ಟೇ.

ಮರಳುವಾಗಲೂ ಖಾಜಾಮಿಯಾ ಜೊತೆಗಿದ್ದ. ಇಳಿಜಾರಿನಲ್ಲಿ ನಾವು ಮುಂದೆ, ಅವನು ಹಿಂದೆ. ಏರಿನಲ್ಲಿ ಮತ್ತೆ ಅವನ ಪೆಟ್ಟಿಗೆಗೆ ಅತ್ತೆಯ ಕೈ. ಊರು ಇನ್ನೂ ಎರಡು ಮೈಲಿ ಇರುವಾಗಲೇ ಅವನು ತಾನಾಗಿ ನಿಂತು, ನೀವು ಮುಂದೆ ಹೋಗಿರಿ, ಜನ ನೋಡುತ್ತಾರೆ ಎಂದ. ಆದರೆ ಅದಕ್ಕೂ ಮೊದಲೇ ದೊಡ್ಡಪ್ಪನ ಅಂಗಡಿಯ ಕೆಲಸದವನೊಬ್ಬ ಬಸ್ಸಿನ ಕಿಟಕಿಯಿಂದ ನಮ್ಮನ್ನು ನೋಡಿಯಾಗಿತ್ತು.

ಎರಡು ದಿನ ಬಿಟ್ಟು ದೊಡ್ಡಪ್ಪ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಗದರಲಿಲ್ಲ. ಕೈಗೆ ಪೆಪ್ಪರ್‌ಮಿಂಟ್ ಕೊಟ್ಟು, ಅತ್ತಿ ಕೂಡ ತಿರುಗಾಡಲು ಹೋಗಿದ್ದೆಯಂತೆ, ಗಾಡಿಯ ಮೇಲೆ ಯಾರಿದ್ದರು ಎಂದು ಮೆತ್ತಗೆ ಕೇಳಿದರು. ನನಗೆ ಆಣೆ ನೆನಪಿತ್ತು. ಶೈಲಾಳ ಹೆಸರು ನಾನು ತೆಗೆಯಲಿಲ್ಲ, ಶಾಲೆಯ ಸುದ್ದಿ ಎತ್ತಲಿಲ್ಲ. ಉಳಿದದ್ದೆಲ್ಲ ಹೇಳಿದೆ, ಜಂಬದಿಂದ ಹೇಳಿದೆ: ಖಾಜಾಮಿಯಾ ಚಾಚಾ ಭಾಳ ಒಳ್ಳೆಯವ, ಅತ್ತಿ ಅವನ ಗಾಡಿ ಹಿಡಕೊಂಡಿದ್ದಳು, ಇಬ್ಬರೂ ನಗುತ್ತಿದ್ದರು, ನನಗೆ ಟೋಸ್ಟ್ ಕೊಟ್ಟ. ದೊಡ್ಡಪ್ಪನ ಮುಖ ಬೂದಿಯಾದದ್ದು ಏಕೆಂದು ನನಗೆ ತಿಳಿಯಲಿಲ್ಲ. ನಾನು ಮಗುವನ್ನು ಮುಚ್ಚಿಟ್ಟೆ. ಉಳಿದದ್ದು ಒಬ್ಬ ಹೆಂಗಸು, ಒಬ್ಬ ಗಂಡಸು, ಒಂದು ರಸ್ತೆ.

ಅತ್ತೆಯನ್ನು ಕೇಳಿದರು. ಒಂದು ಮಾತು ಹೇಳಿದ್ದರೆ ಅವಳು ಪಾರಾಗುತ್ತಿದ್ದಳು. ಆದರೆ ಆ ಮಾತು ಕಮಲಾಪುರ ಮುಟ್ಟದೇ ಇರುತ್ತಿರಲಿಲ್ಲ. ಅವಳು ಗೋಡೆಗೆ ಆತು ನಿಂತು ನೆಲ ನೋಡುತ್ತಿದ್ದಳು. ಅಪ್ಪ, ದೊಡ್ಡಪ್ಪ ಇಬ್ಬರೂ ಮೋಮಿನಪುರಕ್ಕೆ ಹೋಗಿ ಖಾಜಾಮಿಯಾನನ್ನು ನಾಲ್ಕು ಜನರ ಮುಂದೆ ನಿಲ್ಲಿಸಿದರಂತೆ. ಏರಿನಲ್ಲಿ ಹೆಣ್ಣುಮಗಳಿಗೆ ಕೈಲಾಗದಿದ್ದಾಗ ಗಾಡಿ ಹಿಡಿಯಲು ಕೊಟ್ಟೆ ಎಂದಷ್ಟೇ ಹೇಳಿದನಂತೆ ಅವನು. ಅವರೇನು ಅಂದರೋ, ಅವನೇನು ನುಂಗಿಕೊಂಡನೋ, ನಮಗೆ ಯಾರೂ ಹೇಳಲಿಲ್ಲ. ಸೈಕಲ್ ಮರುದಿನ ಮನೆಯಲ್ಲಿರಲಿಲ್ಲ. ಗೇಟಿನ ಹತ್ತಿರ ‘ಎಲ್ಲಿಗಿ ಹೊಂಟಿ’ ಎಂದು ಕೇಳುವ ಪ್ರಸಂಗವೂ ಮತ್ತೆ ಬರಲಿಲ್ಲ. ಅತ್ತೆ ಅಡುಗೆಮನೆಯಿಂದ ಹಿತ್ತಲಿಗೆ, ಹಿತ್ತಲಿನಿಂದ ಅಡುಗೆಮನೆಗೆ ನಡೆದು ಹದಿನೆಂಟು ವರ್ಷ ಕಳೆದಳು. ನಾನು ದೊಡ್ಡವಳಾದೆ, ನಾನು ಹೇಳಿದ್ದು ಏನು ಮಾಡಿತೆಂದು ತಿಳಿಯಿತು, ಒಮ್ಮೆ ಅವಳ ಕಾಲು ಹಿಡಿದು ಕಣ್ಣೀರಿಟ್ಟೆ. ಎಲ್ಲ ಹೇಳಿಬಿಡುತ್ತೇನೆ ಎಂದೆ. ಬೇಡ, ಶೈಲಾ ಇನ್ನೂ ಅವರ ಮನೆಯಲ್ಲಿದ್ದಾಳೆ ಎಂದು ನನ್ನ ಬಾಯಿ ಮುಚ್ಚಿಸಿದಳು.

ಶೈಲಾ ಬಂದದ್ದು ಅವಳ ಅಪ್ಪ ತೀರಿಕೊಂಡ ಮೇಲೆ. ಇಪ್ಪತ್ಮೂರು ವರ್ಷದ ಹುಡುಗಿ, ಅತ್ತೆಯದೇ ಹಣೆ, ಅತ್ತೆಯದೇ ಗಂಟಲು. ನಾನು ಅಂದು ತವರಿನಲ್ಲಿದ್ದೆ. ಪಡಸಾಲೆಯಲ್ಲಿ ದೊಡ್ಡಪ್ಪ ಆರಾಮ ಕುರ್ಚಿಯಲ್ಲಿದ್ದರು, ಅಷ್ಟೊತ್ತಿಗೆ ಮುದುಕರಾಗಿದ್ದರು. ಕೊಟ್ಟ ಚಹಾವನ್ನು ಶೈಲಾ ಮುಟ್ಟಲಿಲ್ಲ. ಅತ್ತೆಯನ್ನು ನೋಡಿ, ಮೆಲ್ಲಗೆ, ಪರಕೀಯರನ್ನು ಕೇಳುವಂತೆ ಕೇಳಿದಳು:

“ಒಂದ್ ಸಲಾನೂ ನನ್ನ ನೋಡಲಾಕ ಬರಬೇಕಂತ ಅನಸಲಿಲ್ಲೇನ್ರಿ ನಿಮಗ?”

ಅತ್ತೆ ಬಾಯಿ ತೆರೆದಳು, ದೊಡ್ಡಪ್ಪನ ಕಡೆ ನೋಡಿದಳು. ಅಷ್ಟು ವರ್ಷ ಸುಮ್ಮನಿದ್ದವಳಿಗೆ ಮಾತು ಎಲ್ಲಿಂದ ಬರಬೇಕು? ಆಗ ನಾನು ಹೇಳಿದೆ.

“ಬಂದಿದ್ದಳು. ಸೈಕಲ್ ಮ್ಯಾಲ ಬಂದಿದ್ದಳು. ನೀ ಸಾಲ್ಯಾಗ ಒಂದನೇತ್ತದಾಗ ಇದ್ದಿ. ನಿನ್ನ ಜಡಿ ಹಾಕಿದ್ದಳು.”

ಮೊದಲಿನಿಂದ ಕೊನೆಯವರೆಗೆ ಎಲ್ಲ ಹೇಳಿದೆ. ಏರು ಹೇಳಿದೆ, ಖಾಜಾಮಿಯಾನನ್ನು ಹೇಳಿದೆ, ಅವನು ಯಾಕೆ ಜೊತೆಗಿದ್ದ ಎಂಬುದನ್ನು ಹೇಳಿದೆ. ದೊಡ್ಡಪ್ಪ ಕುರ್ಚಿಯ ಕೈ ಹಿಡಿದು ಎದ್ದು ನಿಂತರು, ಮತ್ತೆ ಕೂತರು. ಅಂದು ಅವರು ಊಟ ಮಾಡಲಿಲ್ಲ. ಮರುದಿನ ನನ್ನನ್ನು ಕರೆದುಕೊಂಡು ಮೋಮಿನಪುರದ ಬೇಕರಿಗೆ ಬಂದರು. ಖಾಜಾಮಿಯಾ ಮಗಳ ಜೊತೆ ಹೈದರಾಬಾದಿಗೆ ಹೋಗಿ ವರ್ಷಗಳಾದವು, ಇದ್ದಾನೋ ಇಲ್ಲವೋ ಗೊತ್ತಿಲ್ಲ ಎಂದರು ಬೇಕರಿಯವರು. ದೊಡ್ಡಪ್ಪ ಆ ಭಟ್ಟಿಯ ಎದುರು ಟೋಪಿ ತೆಗೆದು ಸ್ವಲ್ಪ ಹೊತ್ತು ನಿಂತಿದ್ದರು. ಮನೆಗೆ ಬಂದು ಗೇಟಿನ ಚಿಲಕವನ್ನು ತಾವೇ ತೆಗೆದು, ಕಸ್ತೂರಿ, ಮಗಳ ಕೂಡ ಕಮಲಾಪುರಕ್ಕೆ ಹೋಗಿ ಬಾ ಎಂದರು. ಅತ್ತೆ ಗೇಟಿನವರೆಗೆ ಹೋದಳು. ರಸ್ತೆಯಲ್ಲಿ ಆಟೋ, ಲಾರಿ, ಜನ. ಎರಡು ಹೆಜ್ಜೆ ಇಟ್ಟು ಮರಳಿ ಬಂದಳು. “ರೂಢಿ ತಪ್ಯಾದ ಅಣ್ಣಾ,” ಎಂದಳು. ಅದರಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಮಗೆಲ್ಲ ಸುಲಭವಾಗುತ್ತಿತ್ತು.

ಆಮೇಲೆ ಅವಳು ಬದುಕಿದ್ದು ನಾಲ್ಕು ವರ್ಷ. ಆ ಗೇಟು ಅವಳು ದಾಟಲಿಲ್ಲ. ಈಗ ದೊಡ್ಡಪ್ಪ ಇಲ್ಲ, ಅಪ್ಪ ಇಲ್ಲ, ಮನೆ ಇದ್ದ ಜಾಗದಲ್ಲಿ ಮೂರಂತಸ್ತಿನ ಕಾಂಪ್ಲೆಕ್ಸ್ ಇದೆ, ಅದರ ಕೆಳಗೆ ಒಂದು ಔಷಧಿ ಅಂಗಡಿ. ಆದರೆ ಆ ನಾಲ್ಕು ವರ್ಷ ಶೈಲಾ ತಿಂಗಳಿಗೊಮ್ಮೆ ಬರುತ್ತಿದ್ದಳು. ಆ ದಿನದ ಒಂದು ಚೂರೂ ಅವಳಿಗೆ ನೆನಪಿರಲಿಲ್ಲ. ಎಷ್ಟು ಪ್ರಯತ್ನಪಟ್ಟರೂ ಬರಲಿಲ್ಲ. ಒಂದು ಮಧ್ಯಾಹ್ನ ಹಿತ್ತಲಿನ ಮೆಟ್ಟಿಲ ಮೇಲೆ ಅವರಿಬ್ಬರೂ ಮೆಂತ್ಯದ ಸೊಪ್ಪು ಬಿಡಿಸುತ್ತ ಕೂತಿದ್ದರು, ನಾನು ಒಳಗಿದ್ದೆ. ಅಲ್ಲಿಯವರೆಗೆ ‘ನೀವು’, ‘ರೀ’ ಎಂದೇ ಮಾತಾಡುತ್ತಿದ್ದ ಶೈಲಾ, ಸೊಪ್ಪಿನಿಂದ ತಲೆ ಎತ್ತದೆ ಕೇಳಿದ್ದು ನನಗೆ ಕೇಳಿಸಿತು.

“ಅಷ್ಟ ದೂರ ತುಳದು ನಿನಗ ಕಾಲ ನೋಯಲಿಲ್ಲೇನವ್ವಾ?”

ನಮ್ಮ ಮನೆಯಲ್ಲಿ ಅತ್ತೆಯನ್ನು ಯಾರೂ ಹಾಗೆ ಕೇಳಿದ್ದಿಲ್ಲ, ಅವಳೂ ಯಾರಿಗೂ ಹೇಳಿದ್ದಿಲ್ಲ.

“ನೋಯ್ತಿತ್ತವ್ವಾ,” ಎಂದಳು ಅತ್ತೆ. “ಭಾಳ ನೋಯ್ತಿತ್ತು.”