ಸದ್ದು ಮಾಡದ ಓಟ್ಸ್

ಸಕ್ಕರೆ ಕಾಯಿಲೆ ಬಂದವರಿಗೆ ಊರೆಲ್ಲ ವೈದ್ಯರೇ. ನಿಜವಾದ ಡಾಕ್ಟರು ಮಾತ್ರ "ಬೆಳಿಗ್ಗೆ ಓಟ್ಸ್ ತಿನ್ನಿ" ಎಂದಷ್ಟೇ ಹೇಳಿ ಮುಂದಿನವರನ್ನು ಕರೆದರು. ಯಾವ ಓಟ್ಸ್ ಎಂದು ನಾನೂ ಕೇಳಲಿಲ್ಲ. ನಮ್ಮ ಯಜಮಾನರು ಬೇಲೂರಿನ ಅಂಗಡಿಯಿಂದ ಮೂರು ಬಗೆಯ ಪೊಟ್ಟಣ ತಂದಿಟ್ಟು, "ಯಾವ್ದು ಬೇಕೋ ಆರಿಸ್ಕೋ, ಆಮೇಲೆ ನನ್ನ ಬೈಬೇಡ" ಎಂದು ಪೇಪರು ಹಿಡಿದು ಕೂತರು.

ಸ್ಕೂಲಿನಲ್ಲಿ ಜೀವನ ಸವೆಸಿದವಳು ನಾನು, ಅಕ್ಷರ ಕಂಡರೆ ಬಿಡುವವಳಲ್ಲ. ಪೊಟ್ಟಣಗಳ ಬೆನ್ನಮೇಲಿದ್ದದ್ದನ್ನೆಲ್ಲ ಉತ್ತರಪತ್ರಿಕೆ ತಿದ್ದುವ ಹಾಗೆ ಓದಿದೆ. ಹೊಟ್ಟು ತೆಗೆದು, ಕಾಳಿನೊಳಗಿನ ಎಣ್ಣೆ ಕೆಡದಂತೆ ಹಬೆಯಲ್ಲಿ ಕಾಯಿಸುವುದು ಮೂರಕ್ಕೂ ಒಂದೇ. ಆಮೇಲೆ ಅಲಗಿನಲ್ಲಿ ಎರಡು ಮೂರು ತುಂಡು ಮಾಡಿದರೆ ಒಂದು ಬಗೆ. ನೋಡಲು ನಮ್ಮ ಗೋಧಿ ನುಚ್ಚು, ಬೇಯಲು ಅರ್ಧ ಗಂಟೆ. ಹಬೆಯಲ್ಲಿ ಮೆತ್ತಗಾಗಿಸಿ ಉರುಳೆಗಳ ನಡುವೆ ಒತ್ತಿದರೆ ಇನ್ನೊಂದು, ಅವಲಕ್ಕಿಯ ನೆಂಟ. ಮೂರನೆಯದನ್ನು ಮೊದಲೇ ಬೇಯಿಸಿ, ಇನ್ನೂ ತೆಳ್ಳಗೆ ಒತ್ತಿ ಒಣಗಿಸಿರುತ್ತಾರೆ, ಬಿಸಿನೀರು ಸುರಿದರೆ ಮುಗಿಯಿತು. ಸೋಮಾರಿತನಕ್ಕೆ ಸರಿಹೋಗುತ್ತದೆಂದು ನಾನು ಆರಿಸಿದ್ದು ಅದನ್ನೇ.

ಉಪ್ಪಿಟ್ಟು ಮಾಡೋಣವೆಂದು ಬಾಣಲೆಗೆ ಹಾಕಿ ಹುರಿದೆ. ಸ್ವಲ್ಪ ಹೊತ್ತಿಗೆ ಘಮ್ಮೆಂದು ವಾಸನೆ ಎದ್ದಿತು. ಕೈ ನಿಂತುಹೋಯಿತು. ಅದು ಗಂಡಸಿ ಊರಿನ ನಮ್ಮತ್ತೆ ಮನೆಯ ಹುರಿಹಿಟ್ಟಿನ ವಾಸನೆ. ಸದ್ದೊಂದು ಇರಲಿಲ್ಲ, ಅಷ್ಟೇ.

ನೀವು ಹುರಿಹಿಟ್ಟು ಮಾಡುವುದನ್ನು ನೋಡಿದ್ದೀರೋ ಇಲ್ಲವೋ. ರಾಗಿಗೆ ನೀರು ಚಿಮುಕಿಸಿ, ಬಟ್ಟೆಯಲ್ಲಿ ಗಂಟು ಕಟ್ಟಿಟ್ಟು, ಮಾರನೆಯ ದಿನ ಕಾದ ಮರಳಿಗೆ ಹಾಕಬೇಕು. ಚಟಪಟ ಎಂದು ಒಂದೊಂದು ಕಾಳೂ ಬಿಳಿಯ ಹೂವಾಗಿ ಅರಳುತ್ತದೆ. ಮರಳನ್ನು ಜರಡಿ ಹಿಡಿದು ತೆಗೆದು, ಅರಳನ್ನು ಬೀಸಿದರೆ ಹಿಟ್ಟು. ನಮ್ಮತ್ತೆ ಈ ಕೆಲಸಕ್ಕೆ ಕೂರುವ ಮುಂಚೆ ಬಾಯಿ ತುಂಬ ನೀರು ತುಂಬಿಕೊಳ್ಳುತ್ತಿದ್ದರು. ಕೊನೆಯ ಹಿಡಿ ಅರಳುವವರೆಗೆ ಅದನ್ನು ನುಂಗುವಂತಿಲ್ಲ, ಉಗುಳುವಂತಿಲ್ಲ. "ಹುರಿಯೋ ವಾಸ್ನೆಗೆ ಸತ್ತೋರು ಬತ್ತಾರೆ ಕಣವ್ವ. ಕರೆದ್ರೆ ಓಗೊಡಬಾರ್ದು. ಬಾಯಲ್ಲಿ ನೀರಿದ್ರೆ ಮರೆತೂ ಓಗೊಡಾಕಾಗಲ್ಲ" ಎಂದಿದ್ದರು. ಆಗಷ್ಟೇ ಮದುವೆಯಾಗಿ ಬಂದಿದ್ದ ನಾನು, ಟಿ.ಸಿ.ಎಚ್. ಮುಗಿಸಿದ ಜಂಬದಲ್ಲಿ, ಸೆರಗಿನ ಮರೆಯಲ್ಲಿ ನಕ್ಕಿದ್ದೆ.

ಒಂದು ಮಧ್ಯಾಹ್ನ ಅತ್ತೆ ಒಲೆ ಮುಂದೆ ಕೂತು ರಾಗಿ ಹುರಿಯುತ್ತಿದ್ದರು. ನಾನು ನಡುಮನೆಯಲ್ಲಿ ಬಟ್ಟೆ ಮಡಿಸುತ್ತಿದ್ದೆ. ಅಡುಗೆಮನೆಯಿಂದ "ಅತ್ಗೇ" ಎಂಬ ಕರೆ ಬಂತು. "ಬಂದೆ" ಎಂದು ಎದ್ದು ಹೋದೆ.

ಅತ್ತೆ ನನ್ನನ್ನೇ ನೋಡುತ್ತಿದ್ದರು. ಅವರ ಎರಡು ಕೆನ್ನೆಯೂ ನೀರಿನಿಂದ ಉಬ್ಬಿದ್ದವು. ಅಲ್ಲಿ ಬೇರೆ ಯಾರೂ ಇರಲಿಲ್ಲ. ಅತ್ತೆ ನೀರನ್ನು ಗುಟುಕ್ಕನೆ ನುಂಗಿದರು.

"ಯಾರಿಗೆ ಓಗೊಟ್ಟೆ?"

"ಯಾರೋ ಅತ್ಗೆ ಅಂದ್ರು..."

"ಈ ಮನೇಲಿ ನಿನ್ನ ಅತ್ಗೆ ಅನ್ನೋರು ಯಾರವ್ರೆ?"

ಯಾರೂ ಇರಲಿಲ್ಲ. ಯಜಮಾನರ ಒಬ್ಬಳೇ ತಂಗಿ ರತ್ನ, ನಮ್ಮ ಮದುವೆಗೆ ಎರಡು ವರ್ಷ ಮೊದಲೇ ಜ್ವರ ಬಂದು ತೀರಿಕೊಂಡಿದ್ದಳು. ನಾನು ಅವಳ ಮುಖ ಕಂಡವಳಲ್ಲ, ದನಿ ಕೇಳಿದವಳಲ್ಲ. ಅತ್ತೆಯ ಕಣ್ಣಲ್ಲಿ ಹೆದರಿಕೆಯೇ ಇರಲಿಲ್ಲ. ಇದ್ದದ್ದು ಆಸೆ. ನನ್ನ ಕೈ ಹಿಡಿದು ಕೇಳಿದರು: "ಅವ್ವ ಅನ್ಲಿಲ್ವಾ? ಒಂದ್ಸಲಾನೂ ಅನ್ಲಿಲ್ವಾ?"

"ಇಲ್ಲ ಅತ್ತೆ."

ಹೌದು ಎಂದಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ನಿಜ ಹೇಳಬೇಕೆಂದು ಮಕ್ಕಳಿಗೆ ಪಾಠ ಮಾಡುವವಳು, ನಿಜವನ್ನೇ ಹೇಳಿಬಿಟ್ಟೆ. ಮಗಳಿಗೆ ಹುರಿಹಿಟ್ಟು ಎಂದರೆ ಪ್ರಾಣವಂತೆ. ಅವಳು ಹೋದಾಗಿನಿಂದ ಅತ್ತೆ ತಿಂಗಳಿಗೊಮ್ಮೆ ರಾಗಿ ಹುರಿಯುತ್ತಿದ್ದದ್ದು, ಬಾಯಿ ಕಟ್ಟಿಕೊಂಡು ಕಿವಿ ತೆರೆದು ಕೂರುತ್ತಿದ್ದದ್ದು ಆ ಒಂದು ಕರೆಗಾಗಿ ಎಂದು ಅವತ್ತು ತಿಳಿಯಿತು. "ನನ್ನ ಕರೆದಿದ್ರೆ ಓಗೊಡ್ತಿದ್ದೆ ಕಣವ್ವ, ಆಗಿದ್ದಾಗ್ಲಿ ಅಂತ" ಎಂದರು. ಆಮೇಲೂ ಎಷ್ಟೋ ವರ್ಷ ಹುರಿದರು. ನಾನು ಮಾತ್ರ ಆ ಹೊತ್ತಿಗೆ ಏನಾದರೊಂದು ನೆಪ ತೆಗೆದು ಹಿತ್ತಲಿಗೆ ಹೋಗಿಬಿಡುತ್ತಿದ್ದೆ.

ಕೊನೆಗೆ ಅತ್ತೆ ಹಾಸಿಗೆ ಹಿಡಿದರು. "ನನ್ ಕೈಲಾಗಲ್ಲ, ನೀನೊಂದ್ಸಲ ಹುರಿ. ನಾನಿಲ್ಲೇ ಮಲಗಿ ಕೇಳುಸ್ಕತೀನಿ" ಎಂದರು. ಆಯಿತೆಂದೆ. ಭಯವಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ, ಆಗ ಹೊತ್ತಿಲ್ಲ ಎಂದುಕೊಂಡಿದ್ದೆ. ಸಂಜೆ ಸ್ಕೂಲಿನಿಂದ ಬರುವಾಗ ಅರಸೀಕೆರೆಯಲ್ಲಿ ಹುರಿಹಿಟ್ಟಿನ ಸಿದ್ಧ ಪೊಟ್ಟಣ ಕೊಂಡು, ಬಟ್ಟಲಿಗೆ ಸುರಿದು, ಬೆಲ್ಲ ಹಾಲು ಕಲಸಿ ಅವರ ಮುಂದೆ ಹಿಡಿದೆ. ಅತ್ತೆ ಒಮ್ಮೆ ಮೂಸಿ ಮುಖ ಆ ಕಡೆ ತಿರುಗಿಸಿದರು.

"ಸದ್ದೇ ಕೇಳ್ಲಿಲ್ವಲ್ಲವ್ವ" ಎಂದರು, ಅಷ್ಟೇ. ಮೂರನೆಯ ದಿನ ಹೋದರು.

ಬಾಣಲೆಯಲ್ಲಿ ಸದ್ದಿಲ್ಲದೆ ಕೆಂಪಾಗುತ್ತಿದ್ದ ಓಟ್ಸನ್ನು ನೋಡುತ್ತ ನಿಂತವಳಿಗೆ ಆ ಬಟ್ಟಲು ಕಣ್ಣಿಗೆ ಕಟ್ಟಿತು. ಒಲೆ ಆರಿಸಿದೆ. ಡಬ್ಬದಿಂದ ಎರಡು ಪಾವು ರಾಗಿ ತೆಗೆದು ನೀರು ಚಿಮುಕಿಸಿ ಗಂಟು ಕಟ್ಟಿದೆ.

ಮಾರನೆಯ ದಿನ ಬೆಳಿಗ್ಗೆ ಯಜಮಾನರು ಹಾಲು ತರಲು ಹೋದ ಮೇಲೆ ಮರಳು ಕಾಯಿಸಿದೆ. ಬಾಯಿ ತುಂಬ ನೀರು ತುಂಬಿಕೊಂಡು ಕೂತೆ. ಮೊದಲ ಹಿಡಿ ಅರಳಿತು, ಎರಡನೆಯದೂ ಅರಳಿತು. ಮೂರನೆಯದನ್ನು ಹಾಕಿದಾಗ ನಡುಮನೆಯ ಕಡೆಯಿಂದ ಕರೆ ಬಂತು.

"ಅವ್ವಾ."

ಅಂದು ಅತ್ಗೇ ಎಂದಿದ್ದ ಅದೇ ದನಿ. ನಮ್ಮನೆಯಲ್ಲಿ ನನ್ನನ್ನು ಯಾರೂ ಅವ್ವ ಎನ್ನುವುದಿಲ್ಲ. ನಾನು ತಿರುಗಲಿಲ್ಲ. ಕರೆಸಿಕೊಳ್ಳಬೇಕಾದವರೇ ಇಲ್ಲವಲ್ಲ ಎಂದು ಕಣ್ಣು ತುಂಬಿಬಂತು.

ಆಗ, ನನ್ನ ಪಕ್ಕದಲ್ಲೇ, ಒಲೆಯ ಹತ್ತಿರ, ಯಾರೋ ಓಗೊಟ್ಟರು. "ಬಂದೆ ಕಣ್ ಮಗಾ, ಬಂದೆ."

ಅದು ನಾನಲ್ಲ. ನನ್ನ ಬಾಯಿ ತುಂಬ ನೀರಿತ್ತು.